ತೆರಪಿನ ವೇಳೆಯ ಭೌತವಿಜ್ಞಾನ

(ಬಾನುಲಿ ಭಾಷಣ)

‘ತೆರಪು’ ಎಂಬುದು ಕನ್ನಡದ ಹಳೆಯ ಮಾತು. ಎರಡು ವಸ್ತುಗಳ ನಡುವೆ ಉಳಿದ ಜಾಗಕ್ಕೂ, ಎರಡು ಕೆಲಸಗಳ ನಡುವೆ ದೊರೆತ ಬಿಡುವಿಗೂ ನಮ್ಮ ಹಿರಿಯರು ಇದೊಂದೇ ಪದವನ್ನು ಬಳಸಿದರು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅಂಚೆಯ ಮೂಲಕ ಪಾಠ ಕಲಿಸುವ ಸಂಸ್ಥೆಯೊಂದನ್ನು ತೆರೆಯಿತು. ಆ ಏರ್ಪಾಟಿಗೆ ಕನ್ನಡದಲ್ಲಿ ‘ಅಂಚೆ ತೆರಪಿನ ಶಿಕ್ಷಣ’ ಎಂಬ ಹೆಸರು ಬಳಕೆಗೆ ಬಂತು. ಹೆಸರಿಟ್ಟವರ ಕಿವಿ ಚೆನ್ನಾಗಿತ್ತೆಂದೇ ನಾನು ತಿಳಿದಿದ್ದೇನೆ. ದಿನವಿಡೀ ದುಡಿದು ಬಂದವನಿಗೆ ಊಟಕ್ಕೂ ನಿದ್ದೆಗೂ ನಡುವೆ ಉಳಿಯುವ ಒಂದು ಗಂಟೆಯೇ ಅವನ ವಿದ್ಯಾಲಯವೆಂಬ ಅರ್ಥ ಆ ಒಂದು ಪದದಲ್ಲಿ ಅಡಗಿದೆ.

ಈ ತೆರಪಿನಲ್ಲಿ ಕಾವ್ಯವನ್ನು ಓದಬಹುದು, ಚರಿತ್ರೆಯನ್ನು ಓದಬಹುದು, ಅರ್ಥಶಾಸ್ತ್ರವನ್ನೂ ಓದಬಹುದು. ಇದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಭೌತವಿಜ್ಞಾನವನ್ನು ಓದಬಹುದೆ? ಪ್ರಯೋಗಾಲಯವಿಲ್ಲದೆ, ಎದುರಿಗೆ ಗುರುವಿಲ್ಲದೆ, ಪಕ್ಕದಲ್ಲಿ ಸಹಪಾಠಿಯಿಲ್ಲದೆ, ನೌಕರಿ ಮಾಡಿಕೊಂಡು, ಸಂಸಾರ ನಡೆಸಿಕೊಂಡು ಒಬ್ಬ ಮನುಷ್ಯ ಬೆಳಕಿನ, ಶಾಖದ, ವಿದ್ಯುತ್ತಿನ ಶಾಸ್ತ್ರವನ್ನು ಕಲಿತು ಪದವಿ ಪಡೆಯಬಲ್ಲನೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಸುಮಾರು ನೂರೈವತ್ತು ವರ್ಷಗಳ ಕಥೆಯನ್ನು ಈ ಹೊತ್ತು ಸಂಗ್ರಹವಾಗಿ ಹೇಳಬೇಕೆಂದಿದ್ದೇನೆ. ನಾನು ಕನ್ನಡದ ಮೇಷ್ಟರು. ಭೌತವಿಜ್ಞಾನ ನನ್ನ ಕ್ಷೇತ್ರವಲ್ಲ. ಆದರೆ ವಿದ್ಯೆ ಯಾರಿಗೆ ದಕ್ಕಬೇಕು, ಯಾರಿಗೆ ದಕ್ಕಲಿಲ್ಲ ಎಂಬ ವಿಚಾರ ಯಾವುದೊಂದು ವಿಭಾಗದ ಸೊತ್ತೂ ಅಲ್ಲವಷ್ಟೆ.

ಇಂಥ ಮಾತು ಬಂದಾಗ ಏಕಲವ್ಯನನ್ನು ನೆನೆಯುವುದು ನಮ್ಮಲ್ಲಿ ವಾಡಿಕೆ. ಗುರುವಿನಿಂದ ದೂರವಿದ್ದು ಕಲಿತ ಮೊದಲಿಗ ಅವನೆಂದು ಸಭೆಗಳಲ್ಲಿ ಹೇಳುತ್ತೇವೆ. ಹೋಲಿಕೆ ಸೊಗಸಾಗಿದೆ, ಆದರೆ ಪೂರ್ತಿ ಹೊಂದುವುದಿಲ್ಲ. ಏಕಲವ್ಯನಿಗೆ ಗುರುವಿನ ಒಪ್ಪಿಗೆ ಇರಲಿಲ್ಲ ನಿಜ. ಬಿಲ್ಲು ಇತ್ತು, ಬಾಣ ಇತ್ತು, ಗುರಿಯಿಡಲು ಇಡೀ ಅಡವಿ ಇತ್ತು. ಎಂದರೆ ಅವನ ಪ್ರಯೋಗಾಲಯಕ್ಕೆ ಯಾವ ಕೊರತೆಯೂ ಇರಲಿಲ್ಲ. ಅಂಚೆಯಲ್ಲಿ ವಿಜ್ಞಾನ ಕಲಿಯ ಹೊರಟವನ ಕಷ್ಟ ಇದಕ್ಕೆ ತಿರುಗಾಮುರುಗಾ. ಗುರುಗಳು ಒಪ್ಪಿದ್ದಾರೆ, ಪಾಠ ಬರೆದು ಕಳಿಸಿದ್ದಾರೆ. ಬಿಲ್ಲು ಬಾಣಗಳೇ ಇಲ್ಲ.

ಅಂಚೆಯ ಪಾಠದ ಕಥೆ ಅಂಚೆಯ ಸುಧಾರಣೆಯೊಂದಿಗೇ ಮೊದಲಾಗುತ್ತದೆ. 1840ರಲ್ಲಿ ಇಂಗ್ಲೆಂಡಿನಲ್ಲಿ ದೂರ ಎಷ್ಟೇ ಇರಲಿ, ಸಾಧಾರಣ ಕಾಗದಕ್ಕೆ ಒಂದೇ ಪೆನ್ನಿ ಎಂಬ ದರ ಜಾರಿಗೆ ಬಂತು. ಅದೇ ವರ್ಷ ಐಸಾಕ್ ಪಿಟ್‌ಮನ್ ಎಂಬಾತ ತನ್ನ ಶೀಘ್ರಲಿಪಿಯನ್ನು ಅಂಚೆಯ ಮೂಲಕ ಕಲಿಸತೊಡಗಿದ. ಕಲಿಯುವವನು ತನ್ನ ಅಭ್ಯಾಸವನ್ನು ಬರೆದು ಕಳಿಸಬೇಕು. ಆತ ತಿದ್ದಿ ಹಿಂದಿರುಗಿಸುತ್ತಾನೆ. ದೂರಶಿಕ್ಷಣದ ಜೀವಾಳ ಈ ತಿದ್ದಿ ಹಿಂದಿರುಗಿಸುವ ಕ್ರಿಯೆಯಲ್ಲಿದೆ ಎಂಬುದನ್ನು ಗಮನಿಸಬೇಕು. ಬರಿಯ ಪುಸ್ತಕ ಮಾರಿದರೆ ಅದು ವ್ಯಾಪಾರ. ಬರೆದದ್ದನ್ನು ಇನ್ನೊಬ್ಬರು ಓದಿ ತಿದ್ದಿದಾಗ ಮಾತ್ರ ಅದು ಶಿಕ್ಷಣ. ನಮ್ಮ ದೇಶದಲ್ಲಿ ದೂರವನ್ನು ಎಣಿಸದೆ ಕಾಗದಕ್ಕೆ ಅರ್ಧ ಆಣೆ ಎಂಬ ದರ ಬಂದದ್ದು 1854ರಲ್ಲಿ. ಆದರೆ ಅಂಚೆಯ ಹಿಂದೆಯೇ ವಿದ್ಯೆ ಬರಲಿಲ್ಲ. ಅದಕ್ಕೆ ಕಾರಣವಿದೆ.

1836ರಲ್ಲಿ ಸನ್ನದು ಪಡೆದ ಲಂಡನ್ ವಿಶ್ವವಿದ್ಯಾನಿಲಯ ಪಾಠ ಹೇಳುವ ಸಂಸ್ಥೆಯಾಗಿರಲಿಲ್ಲ. ತನಗೆ ಸಂಯೋಜಿತವಾದ ಕಾಲೇಜುಗಳಲ್ಲಿ ಓದಿದವರಿಗೆ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಯಾಗಿತ್ತು. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳನ್ನು ಕಟ್ಟಿದಾಗ ಇದೇ ಮಾದರಿಯನ್ನು ತಂದರು. ಮರುವರ್ಷವೇ, 1858ರಲ್ಲಿ, ಲಂಡನ್ ತನ್ನ ಮಾದರಿಯನ್ನು ಬದಲಿಸಿಕೊಂಡಿತು. ವೈದ್ಯವೊಂದನ್ನುಳಿದು ಮಿಕ್ಕ ಪದವಿಗಳಿಗೆ ಕಾಲೇಜಿನ ಪ್ರಮಾಣಪತ್ರ ಬೇಡ; ಎಲ್ಲಿಯಾದರೂ ಓದಿ, ಹೇಗಾದರೂ ಓದಿ, ಪರೀಕ್ಷೆಗೆ ಕುಳಿತು ತೇರ್ಗಡೆಯಾದರೆ ಸಾಕು ಎಂದಿತು. 1860ರ ಸುಮಾರಿಗೆ ವಿಜ್ಞಾನಕ್ಕೆಂದೇ ಬೇರೆಯಾದ ಬಿ.ಎಸ್‌ಸಿ. ಪದವಿಯನ್ನೂ ಕೊಡತೊಡಗಿತು. ನಾವು ಕಳಚಿಹಾಕಿದ ಅಂಗಿಯನ್ನು ತೊಟ್ಟುಕೊಂಡೆವು. ಲಂಡನ್ ಹೊಸ ಅಂಗಿ ಹೊಲಿಸಿಕೊಂಡಿತು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನು ವಿದ್ಯಾರ್ಥಿಯೇ ಅಲ್ಲವೆಂಬ ಭಾವನೆ ನಮ್ಮಲ್ಲಿ ಒಂದು ಶತಮಾನಕಾಲ ಬೇರೂರಿ ನಿಂತದ್ದಕ್ಕೆ ಈ ಒಂದು ವರ್ಷದ ಅಂತರವೂ ಒಂದು ಕಾರಣವೆಂದು ನನಗೆ ಅನ್ನಿಸುತ್ತದೆ.

ಲಂಡನ್ನಿನ ಆ ತೆರೆದ ಬಾಗಿಲಿನಿಂದ ಒಳಹೊಕ್ಕವರಲ್ಲಿ ಸಾಹಿತ್ಯಾಸಕ್ತರು ಬಲ್ಲ ಒಬ್ಬರಿದ್ದಾರೆ. ಅವರು ಎಚ್. ಜಿ. ವೆಲ್ಸ್. ಬಟ್ಟೆಯಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ ವಿದ್ಯಾರ್ಥಿವೇತನ ಪಡೆದು ಹಕ್ಸ್ಲಿಯವರಲ್ಲಿ ಜೀವವಿಜ್ಞಾನ ಓದಿದ. ಕೊನೆಯ ಪರೀಕ್ಷೆಯಲ್ಲಿ ಎಡವಿ 1887ರಲ್ಲಿ ಪದವಿಯಿಲ್ಲದೆ ಹೊರಬಿದ್ದ. ಹೊಟ್ಟೆಪಾಡಿಗೆ ಪಾಠ ಹೇಳುತ್ತ, ಬಾಹ್ಯ ವಿದ್ಯಾರ್ಥಿಯಾಗಿ ಓದಿ 1890ರಲ್ಲಿ ಲಂಡನ್ನಿನ ಬಿ.ಎಸ್‌ಸಿ. ಪಡೆದ. ಅನಂತರ, ವಿಲಿಯಂ ಬ್ರಿಗ್ಸ್ 1887ರಲ್ಲಿ ಸ್ಥಾಪಿಸಿದ್ದ ಅಂಚೆ ಕಾಲೇಜಿನಲ್ಲಿ ತಾನೇ ಉಪಾಧ್ಯಾಯನಾಗಿ, ದೂರದೂರದ ವಿದ್ಯಾರ್ಥಿಗಳ ಉತ್ತರಗಳನ್ನು ತಿದ್ದಿದ. ಅವನ ಮೊದಮೊದಲ ಪುಸ್ತಕಗಳಲ್ಲಿ ಒಂದು ಕಾದಂಬರಿಯಲ್ಲ. ಇಂಥ ವಿದ್ಯಾರ್ಥಿಗಳಿಗಾಗಿ ಬರೆದ ಜೀವವಿಜ್ಞಾನದ ಪಠ್ಯಪುಸ್ತಕ. ಕಾಲಯಂತ್ರದ ಕಥೆ ಬರೆದ ಕೈ ಮೊದಲು ಅಂಚೆಯ ಉತ್ತರಪತ್ರಿಕೆಗಳ ಮೇಲೆ ಓಡಾಡಿತ್ತು.

ಇನ್ನು ಭೌತವಿಜ್ಞಾನಕ್ಕೆ ಬರೋಣ. ಈ ಶಾಸ್ತ್ರದ ಚರಿತ್ರೆಯಲ್ಲಿ ತೆರಪಿನ ವೇಳೆಯವರು ಅಪರೂಪವೇನಲ್ಲ. ಮೈಕೇಲ್ ಫ್ಯಾರಡೆ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯ ಹುಡುಗ. ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನದ ರುಚಿ ಹತ್ತಿಸಿಕೊಂಡವನು. ಆಲಿವರ್ ಹೆವಿಸೈಡ್ ತಂತಿ ಕಚೇರಿಯ ನೌಕರ. ಹದಿನಾರಕ್ಕೇ ಶಾಲೆ ಬಿಟ್ಟವನು, ಮ್ಯಾಕ್ಸ್‌ವೆಲ್ಲರ ಮಹಾಗ್ರಂಥವನ್ನು ತಾನೇ ತಾನಾಗಿ ಅರಗಿಸಿಕೊಂಡು, ಅದರ ಸಮೀಕರಣಗಳಿಗೆ ಇಂದು ಎಲ್ಲ ವಿದ್ಯಾರ್ಥಿಗಳೂ ಕಲಿಯುವ ಅಡಕವಾದ ರೂಪವನ್ನು ಕೊಟ್ಟ. ಐನ್‌ಸ್ಟೈನರು 1905ರಲ್ಲಿ ಜಗತ್ತನ್ನು ಬೆರಗುಗೊಳಿಸಿದ ಪ್ರಬಂಧಗಳನ್ನು ಬರೆದಾಗ ಬರ್ನ್ ನಗರದ ಪೇಟೆಂಟ್ ಕಚೇರಿಯ ಗುಮಾಸ್ತೆಯಂಥ ಒಬ್ಬ ನೌಕರರು. ಅದೇ ವರ್ಷ ಜ್ಯೂರಿಕ್ ವಿಶ್ವವಿದ್ಯಾನಿಲಯ ಅವರಿಗೆ ಡಾಕ್ಟರೇಟ್ ಕೊಟ್ಟಿತು.

ನಮ್ಮವರ ಉದಾಹರಣೆ ಇನ್ನೂ ಹತ್ತಿರದ್ದು. ಚಂದ್ರಶೇಖರ ವೆಂಕಟರಾಮನ್ನರು 1907ರಲ್ಲಿ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತಕ್ಕೆ ಹೋದರು. ಅಲ್ಲಿ ಮಹೇಂದ್ರಲಾಲ್ ಸರ್ಕಾರರು 1876ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ಸಂಘದ ಪ್ರಯೋಗಾಲಯ ಹೆಚ್ಚು ಕಡಮೆ ಬಳಸುವವರಿಲ್ಲದೆ ಬಿದ್ದಿತ್ತು. ರಾಮನ್ನರು ಕಚೇರಿಗೆ ಹೋಗುವ ಮುನ್ನ ಅಲ್ಲಿಗೆ ಹೋಗುವರು. ಕಚೇರಿ ಮುಗಿದ ಮೇಲೆ ಮತ್ತೆ ಅಲ್ಲಿಗೆ ಹೋಗುವರು. ಹತ್ತು ವರ್ಷ ಹೀಗೆ ನಡೆಯಿತು. 1917ರಲ್ಲಿ ಕಡಮೆ ಸಂಬಳಕ್ಕೆ ಒಪ್ಪಿ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು. 1928ರ ಫೆಬ್ರವರಿ 28ರ ಶೋಧ, 1930ರ ನೊಬೆಲ್ ಪ್ರಶಸ್ತಿ, 1933ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ್ದು, ಇವೆಲ್ಲ ತಮಗೆ ತಿಳಿದೇ ಇದೆ. ನಾನು ಹೇಳಬೇಕೆಂದದ್ದು ಆ ಮೊದಲ ಹತ್ತು ವರ್ಷದ ಮಾತು. ಲೆಕ್ಕಪತ್ರದ ಕಡತಗಳ ನಡುವಣ ತೆರಪಿನಲ್ಲಿ ಬೆಳೆದ ಭೌತವಿಜ್ಞಾನ ಅದು. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ರಾಮನ್ನರು ಎಂ.ಎ. ಮುಗಿಸಿ ಹೋಗಿದ್ದರು, ಅವರಿಗೆ ಹೊತ್ತಿಲ್ಲದ ಹೊತ್ತಿನಲ್ಲಿ ಬಾಗಿಲು ತೆರೆದುಕೊಡುವ ಒಂದು ಪ್ರಯೋಗಾಲಯವಿತ್ತು. ಮಹಾಪುರುಷರ ಕಥೆ ಹೇಳಿ, ‘ನೋಡಿ, ಮನಸ್ಸಿದ್ದರೆ ಮಾರ್ಗ’ ಎಂದು ಸಾಮಾನ್ಯನನ್ನು ಸಾಗಹಾಕುವುದು ಸುಲಭ. ಸಾಮಾನ್ಯನಿಗೆ ಮಾರ್ಗವನ್ನು ಯಾರಾದರೂ ಕಡಿದುಕೊಡಬೇಕಾಗುತ್ತದೆ.

ಕಡಿದುಕೊಟ್ಟ ಪ್ರಯತ್ನಗಳಲ್ಲಿ ದೊಡ್ಡದು ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯ. 1963ರ ಸೆಪ್ಟೆಂಬರಿನಲ್ಲಿ ಹೆರಾಲ್ಡ್ ವಿಲ್ಸನ್ ಗ್ಲಾಸ್ಗೋ ನಗರದ ಭಾಷಣವೊಂದರಲ್ಲಿ ‘ಗಾಳಿಯ ಮೇಲಣ ವಿಶ್ವವಿದ್ಯಾನಿಲಯ’ವೊಂದರ ಕಲ್ಪನೆಯನ್ನು ಮುಂದಿಟ್ಟರು. ಬಾನುಲಿ, ದೂರದರ್ಶನ, ಅಂಚೆ ಮೂರನ್ನೂ ಹೂಡಿ ದುಡಿಯುವವರಿಗೆ ಪದವಿ ಕೊಡಿಸುವ ವಿಚಾರ ಅದು. ಅವರು ಪ್ರಧಾನಿಯಾದ ಮೇಲೆ ಅದನ್ನು ಹಠಹಿಡಿದು ಕಾರ್ಯಕ್ಕಿಳಿಸಿದವರು ಸಚಿವೆ ಜೆನ್ನಿ ಲೀ. ಸ್ಕಾಟ್ಲೆಂಡಿನ ಗಣಿಕಾರ್ಮಿಕನ ಮಗಳು. ಅಗ್ಗದ ಪದವಿಯನ್ನು ಕೊಟ್ಟರೆ ತಾನು ಮಾಡಿದ್ದು ವ್ಯರ್ಥವೆಂಬುದು ಆಕೆಯ ನಿಲುವಾಗಿತ್ತು. ಬೇರೆ ವಿಶ್ವವಿದ್ಯಾನಿಲಯಗಳ ಪದವಿಗೆ ಯಾವ ರೀತಿಯಲ್ಲೂ ಕಡಮೆಯಾಗಬಾರದು. ಆದರೆ ಒಳಗೆ ಬರಲು ಯಾವ ಪೂರ್ವಪರೀಕ್ಷೆಯ ತೇರ್ಗಡೆಯೂ ಬೇಡ. ಈ ಎರಡು ಷರತ್ತುಗಳನ್ನು ಒಟ್ಟಿಗೆ ನಡೆಸುವುದು ಅಸಾಧ್ಯವೆಂದು ನಕ್ಕವರು ಬಹಳ ಮಂದಿ. 1969ರ ಏಪ್ರಿಲಿನಲ್ಲಿ ರಾಜಸನ್ನದು ದೊರೆಯಿತು. ಜುಲೈ 23ರಂದು ಉದ್ಘಾಟನೆ. ಅಂದು, ಚಂದ್ರನ ಮೇಲೆ ಕಾಲಿಟ್ಟ ಅಪೊಲೊ ಯಾತ್ರಿಕರು ಭೂಮಿಯತ್ತ ಮರಳುವ ದಾರಿಯಲ್ಲಿದ್ದರು. ಮೊದಲ ಕುಲಪತಿ ಕ್ರೌಥರ್ ಅವರು ತಮ್ಮ ಸಂಸ್ಥೆ ಜನರಿಗೂ, ಸ್ಥಳಕ್ಕೂ, ವಿಧಾನಕ್ಕೂ, ವಿಚಾರಕ್ಕೂ ಮುಕ್ತವಾಗಿರಬೇಕೆಂದು ಹೇಳಿದ್ದು ಆ ದಿನ. ಮರುವರ್ಷ ಸರ್ಕಾರ ಬದಲಾಯಿತು. ಹೊಸ ಪಕ್ಷದ ಕೆಲವರಿಗೆ ಈ ಸಂಸ್ಥೆಯನ್ನು ಮೊಳಕೆಯಲ್ಲೇ ಚಿವುಟುವ ಮನಸ್ಸಿತ್ತು. ಶಿಕ್ಷಣ ಸಚಿವೆಯಾಗಿದ್ದ ಮಾರ್ಗರೆಟ್ ಥ್ಯಾಚರ್ ಅದನ್ನು ಉಳಿಸಿದರು.

1971ರ ಜನವರಿಯಲ್ಲಿ ಸುಮಾರು 24 ಸಾವಿರ ವಿದ್ಯಾರ್ಥಿಗಳೊಡನೆ ಪಾಠ ಮೊದಲಾಯಿತು. ವಿಧಿಯ ಚೇಷ್ಟೆಯೆಂಬಂತೆ ಅದೇ ತಿಂಗಳ 20ರಿಂದ ಬ್ರಿಟನ್ನಿನ ಅಂಚೆ ನೌಕರರು ಮುಷ್ಕರ ಹೂಡಿದರು. ಏಳು ವಾರ ದೇಶದಲ್ಲಿ ಟಪಾಲು ನಿಂತಿತು. ಅಂಚೆಯನ್ನೇ ನಂಬಿ ಹುಟ್ಟಿದ ವಿಶ್ವವಿದ್ಯಾನಿಲಯಕ್ಕೆ ಇದಕ್ಕಿಂತ ಕೆಟ್ಟ ಮುಹೂರ್ತ ಬೇಕೆ? ಆದರೂ ಆ ವರ್ಷದ ಪಾಠ ನಿಲ್ಲಲಿಲ್ಲ. 1973ರಲ್ಲಿ ಮೊದಲ ಪದವೀಧರರು ಹೊರಬಂದರು.

ಇಲ್ಲಿ ನಮಗೆ ಮುಖ್ಯವಾದದ್ದು ವಿಜ್ಞಾನದ ಪಾಠ. ವಿಜ್ಞಾನ ವಿಭಾಗದ ಮೊದಲ ಮುಖ್ಯಸ್ಥರಾದ ಮೈಕ್ ಪೆಂಟ್ಸ್ ಸ್ವತಃ ಭೌತವಿಜ್ಞಾನಿ. ಜಿನೀವಾದ ಪರಮಾಣು ಸಂಶೋಧನ ಕೇಂದ್ರದಲ್ಲಿ ದುಡಿದು ಬಂದವರು. ಬಿಲ್ಲು ಬಾಣಗಳಿಲ್ಲದ ಕಷ್ಟಕ್ಕೆ ಆ ವಿಭಾಗ ಕಂಡುಕೊಂಡ ಪರಿಹಾರವೆಂದರೆ ಪ್ರಯೋಗಾಲಯವನ್ನೇ ಪೆಟ್ಟಿಗೆಗೆ ತುಂಬಿ ಮನೆಗೆ ಕಳಿಸುವುದು. ಪೆಟ್ಟಿಗೆಯಲ್ಲಿ ಗಾಜಿನ ಸಾಮಾನು, ರಾಸಾಯನಿಕಗಳು, ಅಂಗೈಯಲ್ಲಿ ಹಿಡಿಯಬಹುದಾದ ಪ್ಲಾಸ್ಟಿಕ್ ಮೈಯ ಒಂದು ಸೂಕ್ಷ್ಮದರ್ಶಕ. ಮೆಕಾರ್ಥರ್ ಎಂಬ ವೈದ್ಯ ರೂಪಿಸಿದ್ದ ಉಪಕರಣದ ಅಗ್ಗದ ರೂಪ ಅದು. ವಿದ್ಯಾರ್ಥಿ ಅಡಿಗೆಮನೆಯ ಮೇಜನ್ನು ಒರೆಸಿ, ಮಕ್ಕಳು ಮಲಗಿದ ಮೇಲೆ ಪ್ರಯೋಗ ಮಾಡಬೇಕು. ವರ್ಷ ಮುಗಿದೊಡನೆ ಪೆಟ್ಟಿಗೆಯನ್ನು ಹಿಂದಿರುಗಿಸಬೇಕು. ಬೇಸಗೆಯಲ್ಲಿ ಒಂದು ವಾರ ಯಾವುದಾದರೊಂದು ವಿಶ್ವವಿದ್ಯಾನಿಲಯದ ಪ್ರಯೋಗಾಲಯಕ್ಕೆ ಹೋಗಿ ದೊಡ್ಡ ಉಪಕರಣಗಳನ್ನು ಮುಟ್ಟಿ ಕಲಿಯಬೇಕು. ಬೆಳಗಿನ ಜಾವದಲ್ಲೋ ನಡುರಾತ್ರಿಯಲ್ಲೋ ದೂರದರ್ಶನದಲ್ಲಿ ಪ್ರಾಧ್ಯಾಪಕರು ಬಂದು ಪಾಠ ಹೇಳುವರು. ಈ ಪ್ರಸಾರ 2006ರವರೆಗೂ ನಡೆಯಿತು.

ಅಲ್ಲಿ ಪಾಠ ಹೇಳಿದವರು ಯಾರೆಂಬುದನ್ನೂ ನೋಡಬೇಕು. 1967ರಲ್ಲಿ ಮಿಡಿಯುವ ತಾರೆಗಳಾದ ಪಲ್ಸಾರ್‌ಗಳ ಮೊದಲ ಸಂಜ್ಞೆಯನ್ನು ಗುರುತಿಸಿದ ಜೋಸೆಲಿನ್ ಬೆಲ್ ಬರ್ನೆಲ್ ಅವರ ಹೆಸರನ್ನು ಕೇಳಿದ್ದೀರಿ. ಆ ಶೋಧಕ್ಕಾಗಿ 1974ರಲ್ಲಿ ನೊಬೆಲ್ ಬಂದದ್ದು ಆಕೆಯ ಗುರುಗಳಿಗೆ. ಸಂಸಾರದ ಕಾರಣದಿಂದ ಊರೂರು ಅಲೆಯುತ್ತ, ಅರೆಕಾಲಿಕ ಕೆಲಸಗಳನ್ನೇ ಮಾಡಬೇಕಾಗಿದ್ದ ಆ ದಿನಗಳಲ್ಲಿ, 1973ರಿಂದ 1987ರವರೆಗೆ, ಆಕೆ ಮುಕ್ತ ವಿಶ್ವವಿದ್ಯಾನಿಲಯದ ಉಪಾಧ್ಯಾಯಿನಿ. 1991ರಲ್ಲಿ ಅಲ್ಲಿಯೇ ಭೌತವಿಜ್ಞಾನದ ಪ್ರಾಧ್ಯಾಪಕಿಯಾದರು. ತೆರಪಿನ ವೇಳೆಯಲ್ಲಿ ಓದುವವನ ಪಾಡು ತೆರಪಿನ ವೇಳೆಯಲ್ಲಿ ದುಡಿದವರಿಗೇ ಚೆನ್ನಾಗಿ ಅರ್ಥವಾಗುತ್ತದೆ.

ಈಗ ನಮ್ಮ ದೇಶದ ಮಾತು. 1961ರಲ್ಲಿ ಅಂಚೆ ಶಿಕ್ಷಣದ ವಿಚಾರವನ್ನು ಪರಿಶೀಲಿಸಲು ನೇಮಿಸಿದ ಸಮಿತಿಯ ಅಧ್ಯಕ್ಷರು ಡಾಕ್ಟರ್ ದೌಲತ್ ಸಿಂಗ್ ಕೊಠಾರಿ. ಅವರು ಹೆಸರಾಂತ ಭೌತವಿಜ್ಞಾನಿ. ಅವರ ಸಮಿತಿಯ ಸಲಹೆಯಂತೆ 1962ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಅಂಚೆ ಪಾಠ ಮೊದಲಾಯಿತು. ಮೊದಲಾದದ್ದು ಬಿ.ಎ. ಪದವಿಗೆ. ಭೌತವಿಜ್ಞಾನಿಯೊಬ್ಬರು ಬಿತ್ತಿದ ಬೀಜದಲ್ಲಿ ಕಲಾವಿಭಾಗದ ಬೆಳೆ ಬಂತು. ಭೌತವಿಜ್ಞಾನ ಬಹುಕಾಲ ಮೊಳೆಯಲಿಲ್ಲ. ಕಾರಣ ಪ್ರಯೋಗಾಲಯವೇ. ನೂರಾರು ಊರುಗಳಲ್ಲಿ ಚೆದರಿದ ವಿದ್ಯಾರ್ಥಿಗಳಿಗೆ ಉಪಕರಣ ಒದಗಿಸುವ ಹೊರೆ ಯಾರು ಹೊರಬೇಕು? ಪಟಿಯಾಲ, ಮೈಸೂರು ಮೊದಲಾದ ಕಡೆಗಳಲ್ಲಿ ಅಂಚೆ ಸಂಸ್ಥೆಗಳು ಹುಟ್ಟಿ ಸಾವಿರಾರು ಜನಕ್ಕೆ ಪದವಿಯ ಭಾಗ್ಯ ದೊರಕಿಸಿದವು. ಆ ಉಪಕಾರ ಸಣ್ಣದಲ್ಲ. ಆದರೆ ಅಂಚೆಯಲ್ಲಿ ಓದುವುದೆಂದರೆ ಕಲಾವಿಷಯಗಳನ್ನೋ ವಾಣಿಜ್ಯವನ್ನೋ ಓದುವುದೆಂಬ ಭಾವನೆ ಜನರಲ್ಲಿ ನಿಂತುಬಿಟ್ಟಿತು.

ಈ ಭಾವನೆಗೆ ತೆತ್ತ ಬೆಲೆ ಎಂಥದೆಂಬುದನ್ನು ನಾನು ಒಬ್ಬ ಮನುಷ್ಯನಲ್ಲಿ ಕಂಡಿದ್ದೇನೆ. 1980ರ ದಶಕದ ಕೊನೆಯ ವರ್ಷಗಳಲ್ಲಿ ರಜೆಯ ದಿನಗಳಂದು ಅಂಚೆ ವಿದ್ಯಾರ್ಥಿಗಳ ಸಂಪರ್ಕ ತರಗತಿಗಳಿಗೆ ಪಾಠ ಹೇಳಲು ಹೋಗುತ್ತಿದ್ದೆ. ಮುಂದಿನ ಬೆಂಚಿನಲ್ಲಿ ಸದಾ ಒಬ್ಬರು ಕೂರುತ್ತಿದ್ದರು. ವಯಸ್ಸು ಮೂವತ್ತರ ಆಸುಪಾಸು. ರೈಲ್ವೆಯ ಅಂಚೆ ಸೇವೆಯಲ್ಲಿ, ನಾವು ಆರ್.ಎಂ.ಎಸ್. ಎನ್ನುತ್ತೇವಲ್ಲ, ಅದರಲ್ಲಿ ಕಾಗದ ಬೇರ್ಪಡಿಸುವ ನೌಕರಿ. ರಾತ್ರಿಯ ರೈಲಿನ ಡಬ್ಬಿಯಲ್ಲಿ ನಿಂತು ಊರೂರಿನ ಕಾಗದಗಳನ್ನು ಗೂಡುಗಳಿಗೆ ಎಸೆಯುವುದು ಅವರ ಕೆಲಸ. ಒಂದು ದಿನ ಸೂರ್ಯೋದಯದ ವರ್ಣನೆಯಿದ್ದ ಪದ್ಯಭಾಗ ನಡೆಯುತ್ತಿತ್ತು. ಮೂಡುವ ಸೂರ್ಯ ಕೆಂಪಾಗಿರುವುದಕ್ಕೆ ಕವಿಗಳು ಹೇಳುವ ಉತ್ಪ್ರೇಕ್ಷೆಗಳನ್ನು ನಾನು ವಿವರಿಸುತ್ತಿದ್ದೆ. ಪಾಠ ಮುಗಿದ ಮೇಲೆ ಅವರು ಬಳಿಗೆ ಬಂದು, “ಸಾರ್, ಬೆಳಗ್ಗೆ ಬೆಳಕು ಓರೆಯಾಗಿ ಹೆಚ್ಚು ದೂರ ಗಾಳಿಯಲ್ಲಿ ಬರಬೇಕಲ್ಲ, ನೀಲಿ ದಾರಿಯಲ್ಲೇ ಚೆದರಿಹೋಗುತ್ತೆ, ಕೆಂಪು ಉಳಿದು ನಮ್ಮ ಕಣ್ಣಿಗೆ ಬರುತ್ತೆ. ಕವಿಗೆ ಇದು ಗೊತ್ತಿದ್ದರೆ ಪದ್ಯ ಕೆಡುತ್ತಿತ್ತೊ, ಇನ್ನೂ ಚೆನ್ನಾಗಿರುತ್ತಿತ್ತೊ?” ಎಂದು ಕೇಳಿದರು.

ನನಗೆ ಆಶ್ಚರ್ಯವಾಯಿತು. “ನೀವು ವಿಜ್ಞಾನ ಓದಿದವರೆ?” ಎಂದೆ. ಪಿ.ಯು.ಸಿ.ಯಲ್ಲಿ ವಿಜ್ಞಾನವಂತೆ. ತಂದೆ ತೀರಿಕೊಂಡ ಮೇಲೆ ಕೆಲಸಕ್ಕೆ ಸೇರಬೇಕಾಯಿತು. ಭೌತವಿಜ್ಞಾನವೆಂದರೆ ಪ್ರಾಣ. “ಅಂಚೆಯಲ್ಲಿ ಅದನ್ನು ಕೊಡೋದಿಲ್ಲ ಸಾರ್. ಕೊಡೋದರಲ್ಲಿ ಕನ್ನಡ ಇಷ್ಟ, ಅದಕ್ಕೆ ಬಂದೆ. ಎಷ್ಟೋ ಜನರ ಪಾಠದ ಪೊಟ್ಟಣಗಳು ರಾತ್ರಿ ನನ್ನ ಕೈಯಿಂದಲೇ ಹಾದುಹೋಗುತ್ತವೆ. ನನ್ನ ಪಾಠ ಒಂದು ಮಾತ್ರ ಅದರಲ್ಲಿ ಇರೋದಿಲ್ಲ.” ಈ ಮಾತನ್ನು ಅವರು ದೂರಿನ ಧ್ವನಿಯಲ್ಲಿ ಹೇಳಲಿಲ್ಲ, ರೈಲು ತಡವಾಗಿದೆ ಎಂದು ಹೇಳುವ ಹಾಗೆ ಹೇಳಿದರು. ಕನ್ನಡಕ್ಕೆ ಅವರು ಒಳ್ಳೆಯ ವಿದ್ಯಾರ್ಥಿಯಾದರು, ಒಳ್ಳೆಯ ಅಂಕ ಪಡೆದರು. ನನಗೆ ಸಂತೋಷವೇ ಆಯಿತು. ಆದರೆ ನನ್ನ ಶಾಸ್ತ್ರಕ್ಕೆ ಬಂದ ಲಾಭ ಇನ್ನೊಂದು ಶಾಸ್ತ್ರದ ಬಾಗಿಲು ಮುಚ್ಚಿದ್ದರಿಂದ ಬಂದದ್ದೆಂಬುದು ಮನಸ್ಸಿನಲ್ಲಿ ಉಳಿಯಿತು.

ಬಾಗಿಲು ಕೊನೆಗೂ ತೆರೆಯಿತು. 1982ರಲ್ಲಿ ಆಂಧ್ರದಲ್ಲಿ ದೇಶದ ಮೊದಲ ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ. ನಮ್ಮ ಮೈಸೂರಿನ ಅಂಚೆ ಸಂಸ್ಥೆಯೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಇಂದಿರಾ ಗಾಂಧಿ ವಿಶ್ವವಿದ್ಯಾನಿಲಯ 1990ರ ದಶಕದಲ್ಲಿ ನಡೆಸಿದ ಬಿ.ಎಸ್‌ಸಿ. ಪದವಿಯ ವ್ಯವಸ್ಥೆ ಹೀಗಿತ್ತು: ಓದಿನ ಮೊತ್ತವನ್ನು 96 ಘಟಕಗಳಾಗಿ ಎಣಿಸಿದ್ದರು, ಒಂದೊಂದು ಘಟಕಕ್ಕೆ 30 ಗಂಟೆಯ ಅಭ್ಯಾಸ. ಮೂರು ವರ್ಷಕ್ಕೆ ಮುಗಿಸಬಹುದು. ಆಗದಿದ್ದವರಿಗೆ ಆರು ವರ್ಷ ಅವಕಾಶ. ಯಂತ್ರಶಾಸ್ತ್ರ, ಕಂಪನ ಮತ್ತು ಅಲೆಗಳು, ಆಧುನಿಕ ಭೌತವಿಜ್ಞಾನ, ಖಗೋಳ ಭೌತವಿಜ್ಞಾನ ಎಂದು ಒಂದೊಂದಕ್ಕೂ ತೆಳುವಾದ ಪುಸ್ತಿಕೆಗಳು. ಪುಟಗಳ ನಡುವೆಯೇ ಪ್ರಶ್ನೆ ಕೇಳಿ, ಉತ್ತರವನ್ನು ಪಾಠದ ಕೊನೆಯಲ್ಲಿಟ್ಟು, ಓದುವವನು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವಂತೆ ಅವುಗಳ ರಚನೆ. ಮನೆಯಲ್ಲಿ ಬರೆದು ಕಳಿಸಿದ ಉತ್ತರಗಳನ್ನು ಉಪಾಧ್ಯಾಯರು ತಿದ್ದುವರು. ಪ್ರಯೋಗಗಳಿಗೆ ಮಾತ್ರ ರಜೆ ಹಾಕಿ, ಗೊತ್ತಾದ ಕಾಲೇಜಿಗೆ ಹೋಗಿ, ದಿನವಿಡೀ ಪ್ರಯೋಗಾಲಯದಲ್ಲಿ ನಿಲ್ಲಬೇಕು.

ನಮ್ಮ ರೈಲ್ವೆ ಅಂಚೆಯ ಮಿತ್ರರು ನಲವತ್ತರ ಹತ್ತಿರ ಇಂಥದೊಂದು ಪದವಿಗೆ ಸೇರಿದ ಸುದ್ದಿಯನ್ನು ಕಾಗದ ಬರೆದು ತಿಳಿಸಿದರು. ಆರು ವರ್ಷದಲ್ಲಿ ಒಂದು ದಿನವೂ ಉಳಿಯದಂತೆ ಅವಧಿಯನ್ನೆಲ್ಲ ಬಳಸಿಕೊಂಡು ಪೂರೈಸಿದರು. ನೌಕರಿಯಲ್ಲಿ ಅದರಿಂದ ಒಂದು ಕಾಸಿನ ಬಡ್ತಿಯೂ ಬರಲಿಲ್ಲ. ಪ್ರಯೋಗದ ಶಿಬಿರದಲ್ಲಿ ಜೊತೆಗಿದ್ದ ಹುಡುಗರು ತಮ್ಮನ್ನು ಮೇಲ್ವಿಚಾರಕರೆಂದು ತಿಳಿದು ಎದ್ದು ನಿಂತರೆಂದು ಬರೆದಿದ್ದರು. ಸೋಡಿಯಂ ದೀಪದ ಹಳದಿ ಬೆಳಕು ಎರಡು ಗೆರೆಗಳಾಗಿ ಸೀಳಿ ಕಂಡ ಗಳಿಗೆಯನ್ನು ವರ್ಣಿಸಿದ್ದರು. ಅದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದಿದ್ದರು. ಓದಿದವನಿಗೆ ಮೈ ಜುಮ್ಮೆನ್ನುವಂತಿತ್ತು.

ಆ ಕಾಗದಗಳಿಂದ ನಾನು ತಿಳಿದುಕೊಂಡ ಒಂದು ಸಂಗತಿ ಉಂಟು. ಹೊರಗಿನವರು ತಿಳಿದಂತೆ ಪ್ರಯೋಗಾಲಯದ ಕೊರತೆಯೇ ಎಲ್ಲಕ್ಕಿಂತ ದೊಡ್ಡ ಕಷ್ಟವಲ್ಲ. ಗಣಿತ ಅದಕ್ಕಿಂತ ದೊಡ್ಡ ಕಷ್ಟ; ಒಂಟಿತನ ಗಣಿತಕ್ಕಿಂತ ದೊಡ್ಡದು. ಕಾವ್ಯದ ಒಂದು ಸಾಲು ಅರ್ಥವಾಗದಿದ್ದರೆ ಮುಂದಿನ ಸಾಲಿಗೆ ಹೋಗಿ, ಆಮೇಲೆ ಹಿಂದಿರುಗಬಹುದು. ಸಮೀಕರಣದ ಒಂದು ಸಾಲು ಅರ್ಥವಾಗದಿದ್ದರೆ ಮುಂದಿನ ಸಾಲೇ ಇಲ್ಲ. ತರಗತಿಯಲ್ಲಾದರೆ ಪಕ್ಕದವನು ಮೊಳಕೈಯಿಂದ ತಿವಿದು, ‘ಇಲ್ಲಿ ಚಿಹ್ನೆ ಬದಲಾಗಿದೆ ನೋಡು’ ಎನ್ನುತ್ತಾನೆ. ಮನೆಯಲ್ಲಿ ಒಬ್ಬನೇ ಕುಳಿತವನು ಆ ಒಂದು ಚಿಹ್ನೆಗಾಗಿ ಮೂರು ರಾತ್ರಿ ಕಳೆಯಬಹುದು. ಸೇರಿದವರಲ್ಲಿ ಎಷ್ಟೋ ಮಂದಿ ನಡುವೆಯೇ ಬಿಟ್ಟುಹೋಗುವುದು ಬುದ್ಧಿಯ ಕೊರತೆಯಿಂದಲ್ಲ, ಈ ಮೂರು ರಾತ್ರಿಗಳಿಂದ.

ಪ್ರಯೋಗದ ಮಾತಿಗೆ ಬಂದರೆ, ಎಲ್ಲಕ್ಕೂ ಬೆಲೆಬಾಳುವ ಯಂತ್ರ ಬೇಕಿಲ್ಲ. ಒಂದು ಮೀಟರ್ ಉದ್ದದ ದಾರಕ್ಕೆ ಸಣ್ಣ ಕಲ್ಲೊಂದನ್ನು ಕಟ್ಟಿ ತೂಗುಬಿಡಿ. ಉದ್ದವನ್ನು ಮೊಳೆಯಿಂದ ಕಲ್ಲಿನ ನಡುಮಧ್ಯಕ್ಕೆ ಅಳೆಯಬೇಕು. ಮೆಲ್ಲಗೆ ತೂಗಿದರೆ 20 ಸಲ ಹೋಗಿ ಬರುವುದಕ್ಕೆ ಸುಮಾರು 40 ಸೆಕೆಂಡು ಹಿಡಿಯುತ್ತದೆ. ಅಷ್ಟರಿಂದಲೇ ಭೂಮಿ ವಸ್ತುಗಳನ್ನು ಸೆಳೆಯುವ ವೇಗೋತ್ಕರ್ಷ 9.8ರ ಸಮೀಪವೆಂದು ಲೆಕ್ಕ ಹಾಕಬಹುದು. ಗಡಿಯಾರ ನೋಡುವುದರಲ್ಲಿ ಅರ್ಧ ಸೆಕೆಂಡು ತಪ್ಪಿದರೆ ಉತ್ತರ ನೂರಕ್ಕೆ ಎರಡೂವರೆಯಷ್ಟು ತಪ್ಪುತ್ತದೆ. ತಪ್ಪು ಎಲ್ಲಿ ನುಸುಳುತ್ತದೆ, ಎಷ್ಟು ನುಸುಳುತ್ತದೆ ಎಂದು ಲೆಕ್ಕವಿಡುವುದೇ ಪ್ರಯೋಗಶಿಕ್ಷಣದ ತಿರುಳು. ಅದನ್ನು ಪಡಸಾಲೆಯ ಮೊಳೆಯೊಂದು ಕಲಿಸಬಲ್ಲದು. ಸೋಡಿಯಂ ದೀಪಕ್ಕೆ ಮಾತ್ರ ಕಾಲೇಜಿಗೇ ಹೋಗಬೇಕು.

ಇನ್ನೊಂದು ಕಷ್ಟ ನಮ್ಮದೇ ಆದದ್ದು, ಅದು ಭಾಷೆ. ಆ ರಾಷ್ಟ್ರೀಯ ಪದವಿಯ ಪುಸ್ತಿಕೆಗಳು ಬಂದದ್ದು ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ. ಕನ್ನಡದಲ್ಲಿ ಕಲಿತು ಬಂದವನು ಎರಡು ಪಾಠಗಳನ್ನು ಒಟ್ಟಿಗೆ ಓದಬೇಕಾಗುತ್ತಿತ್ತು. ಇದನ್ನು ಬಹಳ ಹಿಂದೆಯೇ ಮುಂಗಂಡವರು ನಮ್ಮಲ್ಲಿದ್ದರು. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ತಂದರು. ಎರಡು ವರ್ಷದ ಸುಮಾರು ನಡೆದು ಅದು ನಿಂತುಹೋಯಿತು. ಪಂಪಭಾರತವನ್ನು ಸಂಪಾದಿಸಿದ ಕೈಯೂ ಅವರದೇ. ಕಾವ್ಯದ ಪಾಠಾಂತರಕ್ಕೂ ಉಷ್ಣಮಾಪಕದ ಗೆರೆಗೂ ಒಂದೇ ಬಗೆಯ ನಿಷ್ಠೆ ಸಲ್ಲುತ್ತದೆಂದು ಅವರು ಬಾಳಿ ತೋರಿಸಿದರು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ್ದೂ ಇದೇ ಬಗೆಯ ಕೆಲಸ. ವಿಲ್ಸನ್ನರು ಗಾಳಿಯ ಮೇಲಣ ವಿಶ್ವವಿದ್ಯಾನಿಲಯದ ಮಾತೆತ್ತುವುದಕ್ಕೆ 28 ವರ್ಷ ಮೊದಲೇ ನಮ್ಮ ಪ್ರಾಧ್ಯಾಪಕರೊಬ್ಬರು ಗಾಳಿಯ ಮೇಲೆ ಮಾತನ್ನು ಹರಿಯಬಿಟ್ಟಿದ್ದರು. ಕಾಲೇಜಿನ ಓದನ್ನು ಅರ್ಧಕ್ಕೆ ಬಿಟ್ಟ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಬರೆದು ಕನ್ನಡಕ್ಕೆ ಕೊಟ್ಟರು. ಬೇಕಾದ ತುಂಡುಗಳೆಲ್ಲ ನಮ್ಮಲ್ಲಿ ಇದ್ದವು: ಭಾಷೆ, ಬಾನುಲಿ, ಅಂಚೆ, ದಣಿಯದ ಕೈಗಳು. ಅವನ್ನು ಒಂದು ದಾರದಲ್ಲಿ ಪೋಣಿಸುವ ಕೆಲಸ ಮಾತ್ರ ತಡವಾಯಿತು.

ಇಂದು ಅಂಚೆಯ ಪೆಟ್ಟಿಗೆಯ ಕಾಲ ಹೋಗಿದೆ. ಬ್ರಿಟನ್ನಿನ ಆ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಮನೆಯಲ್ಲಿ ಕುಳಿತು, ಅಟ್ಲಾಂಟಿಕ್ ಸಾಗರದ ಟೆನೆರಿಫೆ ದ್ವೀಪದ ಬೆಟ್ಟದ ಮೇಲಿರುವ ದೂರದರ್ಶಕವನ್ನು ಗಣಕಯಂತ್ರದ ಮೂಲಕ ತಾನೇ ತಿರುಗಿಸಿ ನಕ್ಷತ್ರವನ್ನು ಅಳೆಯಬಲ್ಲ. ಅದೇ ದೇಶದಲ್ಲಿ 2012ರಲ್ಲಿ ಶುಲ್ಕ ಬಹಳವಾಗಿ ಏರಿದ ಮೇಲೆ ಬಿಡುವಿನಲ್ಲಿ ಓದುವವರ ಸಂಖ್ಯೆ ಕುಸಿಯಿತೆಂಬುದನ್ನೂ ಹೇಳಬೇಕು. ಉಪಕರಣ ಹತ್ತಿರ ಬಂದಂತೆ ಹಣದ ಬಾಗಿಲು ಇನ್ನೊಂದು ಕಡೆ ಮುಚ್ಚಬಹುದು. ನಮ್ಮಲ್ಲಿ 2022ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಮಾನ್ಯತೆ ಪಡೆದ ದೂರಶಿಕ್ಷಣದ ಪದವಿ ಕಾಲೇಜಿನ ಪದವಿಗೆ ಸಮಾನವೆಂದು ಸ್ಪಷ್ಟಪಡಿಸಿತು. ಸರ್ಕಾರದ ಕಾಗದ ಸಮಾನವೆಂದು ಹೇಳಿತು. ನಮ್ಮ ಮನಸ್ಸು ಇನ್ನೂ ಹೇಳಬೇಕಾಗಿದೆ. ‘ಅಂಚೆಯಲ್ಲಿ ಮಾಡಿದ್ದೊ?’ ಎಂಬ ಪ್ರಶ್ನೆಯನ್ನು ನಾವು ಕೇಳುವ ಧಾಟಿಯಲ್ಲೇ ಒಂದು ತಿರಸ್ಕಾರವಿದೆ. ನಾಲ್ಕು ಗೋಡೆಗಳ ನಡುವೆ ಹಾಜರಿ ಹಾಕಿಸಿಕೊಂಡು ಪಡೆದ ಪದವಿಗಿಂತ, ದಣಿದ ದೇಹವನ್ನು ಎಬ್ಬಿಸಿ ಕೂರಿಸಿ ಪಡೆದ ಪದವಿ ಹೇಗೆ ಕಡಮೆಯಾದೀತು?

ಇಂಥವರನ್ನು ನೋಡಿದಾಗ ನಾವು ಕೇಳುವ ಇನ್ನೊಂದು ಪ್ರಶ್ನೆ, ‘ಈ ವಯಸ್ಸಿನಲ್ಲಿ ಇದರಿಂದ ಏನು ಬಂತು?’ ಎಂಬುದು. ಕಾವ್ಯ ಓದುವವನನ್ನು ನಾವು ಹಾಗೆ ಕೇಳುವುದಿಲ್ಲ. ಓದಿದ ಸುಖವೇ ಅದರ ಫಲವೆಂದು ಒಪ್ಪಿಕೊಂಡಿದ್ದೇವೆ. ಆ ಮರ್ಯಾದೆಯನ್ನು ಭೌತವಿಜ್ಞಾನಕ್ಕೂ ಸಲ್ಲಿಸಬೇಕು. ಆಕಾಶ ಏಕೆ ನೀಲಿ, ಕಬ್ಬಿಣ ಏಕೆ ತಣ್ಣಗೆ ತೋರುತ್ತದೆ, ನಕ್ಷತ್ರ ಯಾವ ಉರುವಲಿನಿಂದ ಉರಿಯುತ್ತದೆ ಎಂದು ತಿಳಿಯಬೇಕೆನ್ನುವುದು ಕೂಡ ಮನುಷ್ಯನ ಹಸಿವೇ. ತಮ್ಮ ಮನೆಯಲ್ಲಿ ಯಾರಾದರೂ, ತಮ್ಮನಾಗಲಿ ಸೊಸೆಯಾಗಲಿ, ಊಟದ ತಟ್ಟೆಗಳನ್ನು ಎತ್ತಿಟ್ಟು ಇಂಥ ಪುಸ್ತಕವೊಂದನ್ನು ಬಿಡಿಸಿ ಕೂತರೆ, ‘ಏಕೆ?’ ಎಂದು ಕೇಳುವುದು ಬೇಡ. ಮೇಜನ್ನು ಅವರಿಗೆ ಬಿಟ್ಟುಕೊಟ್ಟು, ದೀಪವನ್ನು ಆ ಕಡೆಗೆ ಸರಿಸಿದರೆ ಸಾಕು.

(ಆಕಾಶವಾಣಿಯ ಕೃಪೆಯಿಂದ)